ರೈಲಿನ ಹೆಸರು, ಲಾರಿಯ ದಾರಿ

ಏಪ್ರಿಲ್ ಮುಗಿಯುವ ಹೊತ್ತಿಗೆ ಬರ್ಬೇಜ್ ಕಾಡಿನ ನೆಲವೆಲ್ಲ ನೀಲಿ. ಓಕ್, ಆಶ್ ಮರಗಳು ಎಲೆ ತುಂಬಿಕೊಂಡು ಬಿಸಿಲಿಗೆ ಅಡ್ಡ ನಿಲ್ಲುವುದಕ್ಕೆ ಇನ್ನೂ ಎರಡು ಮೂರು ವಾರ ಇರುತ್ತದೆ. ಅಷ್ಟರೊಳಗೆ ಬ್ಲೂಬೆಲ್ ಗಿಡ ಚಿಗುರಿ, ಹೂಬಿಟ್ಟು, ವರ್ಷದ ಸಂಸಾರವನ್ನೆಲ್ಲ ಮುಗಿಸಿಕೊಂಡುಬಿಡಬೇಕು. ಹಾಗಾಗಿ ಒಂದು ಗಿಡವೂ ತಡಮಾಡುವುದಿಲ್ಲ. ಮಕ್ಕಳ ಕೈಹಿಡಿದು ಬಂದವರು, ನಾಯಿ ಕರೆದುಕೊಂಡು ಬಂದವರು, ಊರುಗೋಲು ಊರಿಕೊಂಡು ಬಂದವರು ಎಲ್ಲರೂ ಕಾಲುದಾರಿಯ ಆಚೆಗೆ ಹೆಜ್ಜೆ ಇಡದಂತೆ ನಡೆಯುತ್ತಾರೆ. ಈ ಗಿಡವನ್ನು ತುಳಿದರೆ ಆ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ ಎಂಬುದು ಇಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು.

ಕಾಡಿನಿಂದ ಹೊರಬಂದರೆ ಬಯಲು. ಇಂಗ್ಲೆಂಡಿನ ನಟ್ಟನಡುವೆ, ಲೆಸ್ಟರ್‌ಶೈರಿನ ಹಿಂಕ್ಲಿ ಪಟ್ಟಣದ ಪೂರ್ವಕ್ಕಿರುವ ಈ ಬರ್ಬೇಜ್ ಕಾಮನ್ ನಮ್ಮ ಹಳ್ಳಿಗಳ ಗೋಮಾಳದಂಥದು. ಒಂದು ಕಾಲಕ್ಕೆ ಊರ ದನ ಮೇಯುತ್ತಿದ್ದ ಜಾಗ, ಈಗ ಊರವರು ಗಾಳಿಸೇವನೆಗೆ ಬರುವ ಜಾಗ. ಬರ್ಬೇಜ್ ಕಾಡು ಮತ್ತು ಅದಕ್ಕೆ ಅಂಟಿಕೊಂಡ ಆಸ್ಟನ್ ಫರ್ಸ್ ಎಂಬ ಇನ್ನೊಂದು ಕಾಡು ಒಟ್ಟಿಗೆ ವೈಜ್ಞಾನಿಕ ಮಹತ್ವದ ತಾಣವೆಂದು ಸರ್ಕಾರದ ರಕ್ಷಣೆ ಪಡೆದಿವೆ. ಬಯಲಿನಲ್ಲಿ ನಿಂತು ಕಿವಿಗೊಟ್ಟರೆ ಎರಡು ಸದ್ದು ಕೇಳುತ್ತವೆ. ಒಂದು ಕಡೆಯಿಂದ ಎಂ69 ಹೆದ್ದಾರಿಯ ಬಿಡುವಿಲ್ಲದ ಭೋರು. ಇನ್ನೊಂದು ಕಡೆಯಿಂದ ಆಗೊಮ್ಮೆ ಈಗೊಮ್ಮೆ ರೈಲು. ಬರ್ಮಿಂಗ್‌ಹ್ಯಾಮಿಗೂ ಲೆಸ್ಟರಿಗೂ ಓಡಾಡುವ ಪ್ಯಾಸೆಂಜರ್ ಗಾಡಿಯಾದರೆ ಸರ್ರನೆ ಹೋಗಿಬಿಡುತ್ತದೆ. ಫೀಲಿಕ್ಸ್‌ಟೋ ಬಂದರಿನಿಂದ ಕಂಟೇನರ್ ಹೊತ್ತು ಬರುವ ಗೂಡ್ಸ್ ಗಾಡಿಯಾದರೆ ನೀಲಿ, ಕೆಂಪು, ಹಸಿರು ಪೆಟ್ಟಿಗೆಗಳು ಬೇಲಿಯ ಮೇಲಿಂದ ಒಂದೊಂದಾಗಿ ತಲೆ ತೋರಿಸುತ್ತಾ ಸಾಗುತ್ತವೆ. ಎಣಿಸಲು ಹೊರಟ ಮಕ್ಕಳು ನಡುವೆ ಲೆಕ್ಕ ತಪ್ಪಿ ಜಗಳಕ್ಕೆ ಬೀಳುತ್ತಾರೆ.

ಈ ರೈಲು ಹಳಿಗೂ ಆ ಹೆದ್ದಾರಿಗೂ ನಡುವೆ ಹೊಲಗಳಿವೆ. ಹಾಥಾರ್ನ್ ಮುಳ್ಳುಬೇಲಿ ಕಟ್ಟಿದ, ಕುರಿ ಮೇಯುವ, ಗೋಧಿ ಬೆಳೆಯುವ ಸಾಧಾರಣ ಹೊಲಗಳು. ಪೋಸ್ಟ್‌ಕಾರ್ಡಿನಲ್ಲಿ ಅಚ್ಚು ಹಾಕಿಸುವಂಥ ಸೌಂದರ್ಯವೇನೂ ಅವಕ್ಕಿಲ್ಲ. ನಡುವೆ ಒಂದು ಕಾರಿಗಷ್ಟೇ ಅಗಲವಾದ ಬರ್ಬೇಜ್ ಕಾಮನ್ ರಸ್ತೆ ಹಾವಿನಂತೆ ಹರಿದು, ಕಿರಿದಾದ ಸೇತುವೆಯೊಂದರ ಮೇಲೆ ಹಳಿ ದಾಟಿ, ಎಲ್ಮ್ಸ್‌ಥಾರ್ಪ್ ಹಳ್ಳಿಯ ಕಡೆಗೆ ಹೋಗುತ್ತದೆ. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲೊಬ್ಬರು ಹಿಂದಕ್ಕೆ ಹೋಗಿ ದಾರಿ ಬಿಡಬೇಕು. ಬಿಟ್ಟವರಿಗೆ ಇನ್ನೊಬ್ಬರು ಕೈಯೆತ್ತುವುದು ಇಲ್ಲಿನ ರೂಢಿ.

ಈ ಹೊಲಗಳಲ್ಲೇ ಹಿಂಕ್ಲಿ ನ್ಯಾಷನಲ್ ರೈಲ್ ಫ್ರೈಟ್ ಇಂಟರ್‌ಚೇಂಜ್ ಏಳಬೇಕೆಂದು ಟ್ರೈಟಾಕ್ಸ್ ಸಿಮೆಟ್ರಿ ಎಂಬ ಕಂಪನಿ ಯೋಜನೆ ಹಾಕಿತು. ದಿನಕ್ಕೆ 16 ಗೂಡ್ಸ್ ರೈಲುಗಳವರೆಗೆ, ಒಂದೊಂದೂ 775 ಮೀಟರ್ ಉದ್ದದವು, ಹಳಿಯಿಂದ ಒಳಕ್ಕೆ ತಿರುಗಿ ಬರುತ್ತವೆ. ಕ್ರೇನುಗಳು ಕಂಟೇನರ್ ಇಳಿಸುತ್ತವೆ. ಪಕ್ಕದ ಗೋದಾಮುಗಳಲ್ಲಿ ಸರಕು ಬಿಚ್ಚಿ, ವಿಂಗಡಿಸಿ, ಲಾರಿಗೆ ತುಂಬಿ ಊರೂರಿಗೆ ಕಳಿಸುತ್ತಾರೆ. ಹಗಲೂ ರಾತ್ರಿ, ವಾರದ ಏಳೂ ದಿನ. ಇದು ರೈಲಿನ ಭಾಗ. ಇನ್ನು ಗೋದಾಮಿನ ಭಾಗ ನೋಡಿ: ಮಹಡಿಗಳೂ ಸೇರಿ 8.5 ಲಕ್ಷ ಚದರ ಮೀಟರ್. ಎಕರೆಗೆ ತಿರುಗಿಸಿದರೆ 210 ಎಕರೆ ನೆಲಹಾಸು, ಅಷ್ಟೂ ಸೂರಿನ ಕೆಳಗೆ. ನಕ್ಷೆಯಲ್ಲಿ ರೈಲ್ವೆ ಟರ್ಮಿನಲ್ ಹಳಿಯ ಪಕ್ಕದ ಒಂದು ಉದ್ದನೆಯ ಪಟ್ಟಿ. ಉಳಿದದ್ದೆಲ್ಲ ಗೋದಾಮು, ರಸ್ತೆ, ಲಾರಿ ನಿಲ್ಲಿಸುವ ಅಂಗಳ. ಊರವರ ತಕರಾರು ಹುಟ್ಟಿದ್ದು ಆ ಪಟ್ಟಿಯ ಮೇಲಲ್ಲ, ಈ ಉಳಿದದ್ದರ ಮೇಲೆ.

ಹಾಗೆಂದು ಇವರನ್ನು ಗಾಡಿ ಗಾಲಿ ಕಂಡರಾಗದ ಜನ ಎಂದುಕೊಳ್ಳಬಾರದು. ಹಿಂಕ್ಲಿ ಯಂತ್ರದ ಊರು. ಕಾಲುಚೀಲ ಹೆಣೆಯುವ ಮಗ್ಗ 1640ರಲ್ಲೇ ಇಲ್ಲಿಗೆ ಬಂತು, ಮುನ್ನೂರು ವರ್ಷ ಊರಿಗೆ ಅನ್ನ ಹಾಕಿತು. ಲಂಡನ್ನಿನ ಬೀದಿಗಳಲ್ಲಿ ಓಡಾಡಿದ ಪ್ರಸಿದ್ಧ ಹ್ಯಾನ್ಸಮ್ ಕುದುರೆಗಾಡಿ ಮೊದಲು ಉರುಳಿದ್ದು 1830ರ ದಶಕದಲ್ಲಿ ಈ ಊರಿನ ಬೀದಿಯಲ್ಲಿ. ಟ್ರಯಂಫ್ ಮೋಟಾರ್‌ಸೈಕಲ್ ಕಾರ್ಖಾನೆ ಇಂದಿಗೂ ಇಲ್ಲಿದೆ. ಹತ್ತಿರದ ಸ್ಟೋನಿ ಸ್ಟಾಂಟನ್ ಹಳ್ಳಿಯವರು ತಲೆಮಾರುಗಟ್ಟಲೆ ಕಲ್ಲು ಒಡೆದವರು. ಅವರ ಹಳೆಯ ಕ್ವಾರಿಯೊಂದರಲ್ಲಿ ನೀರು ತುಂಬಿ ಈಗ ಅದು ದೇಶದ ಎಲ್ಲೆಡೆಯಿಂದ ಜನ ನೀರಿನಾಳಕ್ಕೆ ಮುಳುಗುವುದನ್ನು ಕಲಿಯಲು ಬರುವ ಸ್ಟೋನಿ ಕೋವ್ ಆಗಿದೆ. ಧೂಳು, ಸದ್ದು, ಪಾಳಿ ಕೆಲಸ ಯಾವುದೂ ಇವರಿಗೆ ಹೊಸತಲ್ಲ.

ಲಾರಿಯೂ ಹೊಸತಲ್ಲ. ಈ ಸೀಮೆಗೆ ಸಾಗಾಣಿಕೆ ವ್ಯವಹಾರದವರು ಇಟ್ಟ ಹೆಸರು ಬಂಗಾರದ ತ್ರಿಕೋನ. ಬ್ರಿಟನ್ನಿನ ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ಕಾನೂನು ಹಾಗಿದೆ. ಆ ನಾಲ್ಕೂವರೆ ಗಂಟೆಯೊಳಗೆ ದೇಶದ ಬಹುಪಾಲು ಜನರನ್ನು ತಲುಪಬಹುದಾದ ಜಾಗವೆಂದರೆ ಎಂ1, ಎಂ6, ಎಂ69 ಹೆದ್ದಾರಿಗಳು ಕೂಡುವ ಈ ನಡುನಾಡು. ಲಟರ್ವರ್ತ್ ಬಳಿಯ ಹಳೆಯ ಬಿಟ್ಸ್‌ವೆಲ್ ವಿಮಾನನೆಲೆ 1980ರ ದಶಕದ ಕೊನೆಯಲ್ಲಿ ಮ್ಯಾಗ್ನಾ ಪಾರ್ಕ್ ಎಂಬ ಗೋದಾಮುನಗರಿಯಾಯಿತು. 1997ರಲ್ಲಿ ಡ್ಯಾವೆಂಟ್ರಿಯ ರೈಲು ಸರಕು ಟರ್ಮಿನಲ್ ಶುರುವಾಯಿತು. 2016ರಲ್ಲಿ ಕೆಗ್‌ವರ್ತ್ ಬಳಿಯ ಈಸ್ಟ್ ಮಿಡ್‌ಲ್ಯಾಂಡ್ಸ್ ಗೇಟ್‌ವೇಗೆ ಅನುಮತಿ, 2019ರಲ್ಲಿ ನಾರ್ಥಾಂಪ್ಟನ್ ಗೇಟ್‌ವೇಗೆ, 2020ರಲ್ಲಿ ಸ್ಟಾಫರ್ಡ್‌ಶೈರಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಇಂಟರ್‌ಚೇಂಜಿಗೆ. ಒಂದಾದ ಮೇಲೊಂದು. ರಾತ್ರಿ ವಿಮಾನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಇಳಿಯುವಾಗ ಕಿಟಕಿಯಿಂದ ಕಾಣುವ ಉದ್ದುದ್ದ ಬೆಳಕಿನ ಚೌಕಗಳಲ್ಲಿ ಎಷ್ಟು ಊರು, ಎಷ್ಟು ಗೋದಾಮು ಎಂದು ಹೇಳುವುದು ಕಷ್ಟ.

ಎಲ್ಮ್ಸ್‌ಥಾರ್ಪ್ ಈ ಚೌಕಗಳ ನಡುವೆ ಇನ್ನೂ ಕತ್ತಲಾಗಿಯೇ ಉಳಿದ ಒಂದು ತುಂಡು. ಇಲ್ಲಿನ ಸೇಂಟ್ ಮೇರಿ ಚರ್ಚು ಅರ್ಧ ಪಾಳು, ಅರ್ಧ ಬಳಕೆ. ಮುಂಭಾಗಕ್ಕೆ ಸೂರಿಲ್ಲ, ಬರಿ ಗೋಡೆ. ಹಿಂಭಾಗದಲ್ಲಿ ಪ್ರಾರ್ಥನೆ ನಡೆಯುತ್ತದೆ. 1485ರಲ್ಲಿ ಬಾಸ್ವರ್ತ್ ಕಾಳಗಕ್ಕೆ ಹೊರಟ ಮೂರನೇ ರಿಚರ್ಡ್ ದೊರೆಯ ಕಡೆಯವರು ಇಲ್ಲಿ ರಾತ್ರಿ ತಂಗಿದ್ದರು ಎಂಬುದು ಊರ ನಂಬಿಕೆ. ಮಧ್ಯಯುಗದಲ್ಲಿ ಒಮ್ಮೆ ಹಾಳುಬಿದ್ದು, ಮತ್ತೆ ಚಿಗುರಿದ ಹಳ್ಳಿ ಇದು. 1930ರ ದಶಕದಲ್ಲಿ ಕೆಲಸ ಕಳೆದುಕೊಂಡವರಿಗೆ ತುಂಡು ಭೂಮಿ ಕೊಟ್ಟು ಬೇಸಾಯಕ್ಕೆ ಹಚ್ಚುವ ಯೋಜನೆ ಬಂದಾಗ ಅದರ ಒಂದು ನೆಲೆ ಇಲ್ಲಿಯೂ ಆಯಿತು. ಮನೆ, ಮನೆಯ ಹಿಂದೆ ಉದ್ದನೆಯ ತೋಟ, ಅದರಾಚೆ ಹೊಲ. ಹೊಲದಾಚೆ ರೈಲು.

ಆದರೆ ಆ ರೈಲು ಇಲ್ಲಿ ನಿಲ್ಲುವುದಿಲ್ಲ. 1860ರ ದಶಕದಲ್ಲಿ ಹಳಿ ಬಂದಾಗ ಎಲ್ಮ್ಸ್‌ಥಾರ್ಪಿಗೆ ನಿಲ್ದಾಣವಿತ್ತು. 1968ರಲ್ಲಿ ಲಾಭವಿಲ್ಲವೆಂದು ಮುಚ್ಚಿದರು. ಆಮೇಲೆ ಅರ್ಧ ಶತಮಾನ ಈ ಊರವರು ಕಿಟಕಿಯಿಂದ ರೈಲು ನೋಡಿದ್ದಾರೆಯೇ ಹೊರತು ಮನೆಯ ಹತ್ತಿರ ಹತ್ತಿದ್ದಿಲ್ಲ. ಈಗ ಅದೇ ಹಳಿಯ ಪಕ್ಕಕ್ಕೆ ರೈಲ್ವೆ ಬರುತ್ತದೆ, ದೊಡ್ಡದೇ ಬರುತ್ತದೆ, ಆದರೆ ನಿಮಗೆ ಹತ್ತಲು ಅಲ್ಲ, ಪೆಟ್ಟಿಗೆ ಇಳಿಸಲು ಎಂದಾಗ ಹಿರಿಯರು ನಗದೆ ಏನು ಮಾಡಿಯಾರು? ಹಾಗೆ ನೋಡಿದರೆ ಇದೇ ಹಾದಿಯ ನಾರ್‌ಬರೋ ನಿಲ್ದಾಣವೂ 1968ರಲ್ಲೇ ಮುಚ್ಚಿತ್ತು. ಊರವರು ಬಿಡದೆ ಹಟ ಹಿಡಿದದ್ದಕ್ಕೆ 1970ರಲ್ಲಿ ಮತ್ತೆ ತೆರೆಯಿತು. ರೈಲಿಗಾಗಿ ಹೋರಾಡಿ ಗೆದ್ದ ಆ ನಾರ್‌ಬರೋದಲ್ಲಿಯೇ ಈ ಟರ್ಮಿನಲ್ಲಿಗೆ ದೊಡ್ಡ ವಿರೋಧ ಎದ್ದಿತು. ಅದಕ್ಕೆ ಕಾರಣ ಒಂದು ಗೇಟು.

ನಾರ್‌ಬರೋ ನಿಲ್ದಾಣದ ತುದಿಗೇ ಲೆವೆಲ್ ಕ್ರಾಸಿಂಗ್. ಹಳಿಯ ಈಚೆ ನಾರ್‌ಬರೋ: ಅಂಗಡಿ, ಡಾಕ್ಟರು, ಔಷಧಿ. ಆಚೆ ಲಿಟ್ಲ್‌ಥಾರ್ಪ್: ಬರಿ ಮನೆಗಳು. ದಿನಕ್ಕೆ ಎಷ್ಟು ಸಲ ಗೇಟು ಬಿದ್ದರೂ ಅಷ್ಟು ಸಲ ಕಾರುಗಳು ಎರಡೂ ಕಡೆ ಸಾಲುಗಟ್ಟುತ್ತವೆ. ಬೆಳಗಿನ ಎಂಟೂವರೆಗೆ ಅಲ್ಲಿ ನಿಂತರೆ ಊರಿನ ಚಿತ್ರ ಪೂರ್ತಿ ಸಿಗುತ್ತದೆ. ಕೆಂಪು ದೀಪ ಮಿನುಗಿ, ಗಂಟೆ ಬಡಿದು, ಕೈಗಳು ಇಳಿಯುತ್ತವೆ. ತಳ್ಳುಗಾಡಿಯಲ್ಲಿ ಕೂಸಿಟ್ಟುಕೊಂಡ ತಾಯಿ ಬ್ರೇಕು ಒತ್ತಿ ನಿಲ್ಲುತ್ತಾಳೆ. ಶಾಲಾ ಸಮವಸ್ತ್ರದ ಹುಡುಗರು ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಓಡುತ್ತಾರೆ. ಗಾಲಿಕುರ್ಚಿಯವರಿಗೆ ಆ ಮೆಟ್ಟಿಲು ಇದ್ದೂ ಇಲ್ಲ, ಅವರು ಕಾಯಲೇಬೇಕು. ಮುಂದಿನ ಕಾರಿನ ಚಾಲಕ ಎಂಜಿನ್ ಆರಿಸುತ್ತಾನೆ, ಹಿಂದಿನವನು ಆರಿಸುವುದಿಲ್ಲ. ಪ್ಯಾಸೆಂಜರ್ ಗಾಡಿ ಕ್ಷಣದಲ್ಲಿ ದಾಟಿಬಿಡುತ್ತದೆ. ಆದರೆ 775 ಮೀಟರಿನ ಗೂಡ್ಸು ಗಂಟೆಗೆ 40 ಕಿಲೋಮೀಟರಿನಂತೆ ಬಂದರೆ ಅದು ದಾಟುವುದಕ್ಕೇ 70 ಸೆಕೆಂಡು ಬೇಕು. ಗೇಟು ಇಳಿಯುವ, ಏಳುವ ಹೊತ್ತು ಬೇರೆ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಬಂದರೆ ಗೇಟು ಏಳುವುದೇ ಇಲ್ಲ. ಆಂಬ್ಯುಲೆನ್ಸ್ ಬಂದರೆ ಏನು ಗತಿ ಎಂದು ಲಿಟ್ಲ್‌ಥಾರ್ಪಿನವರು ಕೇಳಿದರು. ಅದು ಹೆದರಿಸುವ ಮಾತಾಗಿರಲಿಲ್ಲ. ಅವರಿಗೆ ಅದು ದಿನನಿತ್ಯದ ಲೆಕ್ಕ.

ಟರ್ಮಿನಲ್ಲಿಗೂ ನಾರ್‌ಬರೋಗೂ ನಡುವೆ ಹತ್ತಿಪ್ಪತ್ತು ನಿಮಿಷದ ದಾರಿಯಿದೆ. ಇಂಥ ಯೋಜನೆಗಳ ಸ್ವಭಾವವೇ ಇದು. ಕಟ್ಟಡ ಏಳುವ ಜಾಗ ಒಂದಾದರೆ, ಅದರ ಬಿಸಿ ತಟ್ಟುವ ಜಾಗ ಇನ್ನೆಲ್ಲೋ. ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ಇದು ನಮ್ಮ ಎಲ್ಲೆ ಎನ್ನುತ್ತಾರೆ. ಲಾರಿಗೆ ಆ ಗೆರೆ ಕಾಣಿಸುವುದಿಲ್ಲ.

ಲಾರಿಯ ಮಾತು ಬಂದರೆ ಸ್ಯಾಪ್‌ಕೋಟ್ ಹಳ್ಳಿಗೆ ಹೋಗಬೇಕು. ಎಂ69 ಹೆದ್ದಾರಿಯ ಎರಡನೇ ಜಂಕ್ಷನ್ನಿಂದ ಒಂದೆರಡು ಮೈಲಿ. ಈ ಜಂಕ್ಷನ್ನಿನದೊಂದು ವಿಚಿತ್ರ. ಲೆಸ್ಟರ್ ಕಡೆಯಿಂದ ಬಂದವರು ಇಲ್ಲಿ ಇಳಿಯಬಹುದು, ಲೆಸ್ಟರ್ ಕಡೆಗೆ ಹೋಗುವವರು ಇಲ್ಲಿ ಹತ್ತಬಹುದು. ಕವೆಂಟ್ರಿ ಕಡೆಗೆ ದಾರಿಯೇ ಇಲ್ಲ. 1970ರ ದಶಕದಲ್ಲಿ ಹೆದ್ದಾರಿ ಕಟ್ಟಿದವರು ಅರ್ಧ ಜಂಕ್ಷನ್ ಮಾಡಿ ಬಿಟ್ಟುಬಿಟ್ಟರು. ಆ ಅರ್ಧದ ದೆಸೆಯಿಂದಲೇ ಸುತ್ತಲಿನ ಹಳ್ಳಿಗಳು ಇಷ್ಟು ವರ್ಷ ತಣ್ಣಗೆ ಉಳಿದವು ಎಂದರೂ ತಪ್ಪಿಲ್ಲ. ಟರ್ಮಿನಲ್ ಬಂದರೆ ಕವೆಂಟ್ರಿ ಕಡೆಯ ದಾರಿಯನ್ನೂ ಕಟ್ಟಿ ಜಂಕ್ಷನ್ ಪೂರ್ತಿ ಮಾಡುತ್ತೇವೆ ಎಂದಿತು ಕಂಪನಿ. ಕೇಳಲು ಒಳ್ಳೆಯ ಮಾತೇ. ಆದರೆ ಬಾಗಿಲು ಪೂರ್ತಿ ತೆರೆದರೆ ಒಳಬರುವವರು ಗೋದಾಮಿನ ಲಾರಿಗಳಷ್ಟೇ ಅಲ್ಲ. ಇಷ್ಟು ದಿನ ಬೇರೆ ದಾರಿ ಹಿಡಿಯುತ್ತಿದ್ದ ಸುತ್ತಲ ಊರುಗಳ ಕಾರು, ವ್ಯಾನು, ಲಾರಿ ಎಲ್ಲಕ್ಕೂ ಇದೇ ಹತ್ತಿರದ ದಾರಿಯಾಗುತ್ತದೆ, ಮತ್ತು ಆ ದಾರಿ ಸ್ಯಾಪ್‌ಕೋಟಿನ ಬೀದಿಯ ಮೂಲಕ ಹೋಗುತ್ತದೆ.

ಆ ಬೀದಿಯನ್ನು ಹತ್ತಿರದಿಂದ ನೋಡಬೇಕು. ಇಟ್ಟಿಗೆಯ ಹಳೆಯ ಮನೆಗಳು ರಸ್ತೆಗೆ ಮುಖಮಾಡಿ ನಿಂತಿವೆ. ಕೆಲವು ಮನೆಗಳ ಬಾಗಿಲಿಗೂ ಫುಟ್‌ಪಾತಿಗೂ ನಡುವೆ ಅಂಗಳವೆಂಬುದೇ ಇಲ್ಲ, ಹೊಸ್ತಿಲು ದಾಟಿದರೆ ಬೀದಿ. ಫುಟ್‌ಪಾತು ಎಷ್ಟು ಕಿರಿದೆಂದರೆ ಎದುರುಬದುರಾದ ಇಬ್ಬರಲ್ಲಿ ಒಬ್ಬರು ಗೋಡೆಗೆ ಬೆನ್ನು ಹಚ್ಚಬೇಕು. ಇನ್ನು ಲಾರಿ. ಈ ದೇಶದ ದೊಡ್ಡ ಲಾರಿ 16.5 ಮೀಟರ್ ಉದ್ದ, 2.55 ಮೀಟರ್ ಅಗಲ, ಸರಕು ಸೇರಿ 44 ಟನ್ನಿನವರೆಗೆ ತೂಕ. 2.55 ಎಂಬುದು ಮೈಯಗಲ ಮಾತ್ರ. ಎರಡೂ ಕಡೆ ಕಿವಿಯಂತೆ ಚಾಚಿದ ಕನ್ನಡಿಗಳ ಲೆಕ್ಕ ಅದರಲ್ಲಿ ಸೇರಿಲ್ಲ. ಇಂಥ ಎರಡು ಲಾರಿ ಇಕ್ಕಟ್ಟಿನ ಜಾಗದಲ್ಲಿ ಎದುರಾದರೆ ಮೊದಲು ಇಬ್ಬರೂ ನಿಧಾನಿಸುತ್ತಾರೆ. ಆಮೇಲೆ ಒಬ್ಬ ಎಡಗಾಲಿಯನ್ನು ಕಲ್ಲಿನ ಅಂಚಿನ ಮೇಲೆ ಹತ್ತಿಸುತ್ತಾನೆ. ಅಂಚುಗಲ್ಲು ಕಪ್ಪಾಗಿ, ಮೂಲೆ ಸವೆದು, ಬಿರುಕು ಬಿಡುವುದು ಹೀಗೆ. ಆ ಹೊತ್ತಿನಲ್ಲಿ ಫುಟ್‌ಪಾತಿನ ಮೇಲಿರುವವರು ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಾರೆ. ಕನ್ನಡಿ ತಲೆಯ ಮಟ್ಟಕ್ಕಿಂತ ಮೇಲೆ ಹಾದುಹೋಗುತ್ತದೆ, ಗಾಲಿ ಮೊಣಕಾಲಿನ ಪಕ್ಕದಲ್ಲಿ. ಗಾಳಿ ಮುಖಕ್ಕೆ ರಾಚುತ್ತದೆ. ಅಷ್ಟೇ, ಏನೂ ಆಗಲಿಲ್ಲ. ಲಾರಿ ಹೋಯಿತು, ಅವರು ದಿನಸಿ ಅಂಗಡಿಗೆ ಹೋದರು. ಇದು ದಿನಕ್ಕೆ ಒಂದೆರಡು ಸಲ ಆದರೆ ಊರು ಸಹಿಸಿಕೊಳ್ಳುತ್ತದೆ. ಎಷ್ಟು ಸಲದವರೆಗೆ ಸಹಿಸಬೇಕು ಎಂಬುದೇ ಸ್ಯಾಪ್‌ಕೋಟಿನವರ ಪ್ರಶ್ನೆಯಾಗಿತ್ತು.

ನಮ್ಮ ಲಾರಿಗಳು ಹಳ್ಳಿಯೊಳಗೆ ಬರದಂತೆ ಮಾರ್ಗ ಗೊತ್ತುಮಾಡುತ್ತೇವೆ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕುತ್ತೇವೆ, ದಾರಿ ತಪ್ಪಿಸಿದವರಿಗೆ ದಂಡ ಹಾಕುತ್ತೇವೆ ಎಂಬುದು ಕಂಪನಿಯ ಉತ್ತರ. ಲಾರಿ ಓಡಿಸುವವರನ್ನು ಹತ್ತಿರದಿಂದ ಬಲ್ಲ ಯಾರೂ ಇದನ್ನು ಪೂರ್ತಿ ನಂಬಲಾರರು. ಪೋಲೆಂಡಿನಿಂದಲೋ ರುಮೇನಿಯಾದಿಂದಲೋ ಬಂದ ಚಾಲಕನಿಗೆ ದಾರಿ ತೋರಿಸುವುದು ಡ್ಯಾಶ್‌ಬೋರ್ಡಿನ ಮೇಲಿನ ಜಿಪಿಎಸ್. ಹೆದ್ದಾರಿಯಲ್ಲಿ ಅಪಘಾತವಾಗಿ ಸಾಲು ನಿಂತಿತೆಂದರೆ ಅದು ಹಳ್ಳಿಯ ಕಡೆಗೇ ತಿರುಗಿಸುತ್ತದೆ. ಕ್ಯಾಮೆರಾ ಹಿಡಿಯುವುದು ಹೋದ ಮೇಲೆ.

ಕಂಪನಿಯ ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಒಂದು ಗೂಡ್ಸ್ ರೈಲು 76 ಲಾರಿಗಳವರೆಗೆ ರಸ್ತೆಯಿಂದ ಇಳಿಸಬಲ್ಲದು ಎಂದು ಅಲ್ಲಿನ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ಹೇಳುತ್ತದೆ. 2050ರ ಹೊತ್ತಿಗೆ ರೈಲಿನ ಸರಕು ಸಾಗಾಣಿಕೆಯನ್ನು ಕನಿಷ್ಠ ಮುಕ್ಕಾಲು ಪಾಲು ಹೆಚ್ಚಿಸುತ್ತೇವೆ ಎಂದು ಬ್ರಿಟನ್ ಸರ್ಕಾರ 2023ರ ಕೊನೆಯಲ್ಲಿ ಗುರಿ ಇಟ್ಟಿತು. ಹೊಗೆ ತಗ್ಗಬೇಕು, ಹೆದ್ದಾರಿ ಹಗುರಾಗಬೇಕು, ಅದಕ್ಕೆ ಟರ್ಮಿನಲ್ ಎಲ್ಲಾದರೂ ಏಳಬೇಕು. ಸಾವಿರಗಟ್ಟಲೆ ಉದ್ಯೋಗ ಎಂದೂ ಹೇಳಿದರು. ಈ ಉದ್ಯೋಗದ ಮಾತಿಗೆ ನನ್ನದೊಂದು ಟಿಪ್ಪಣಿ ಇದೆ. ಲೆಸ್ಟರ್ ನಗರದಲ್ಲಿ ಮೂವರಲ್ಲಿ ಒಬ್ಬರು ಭಾರತೀಯ ಮೂಲದವರು. ರಾತ್ರಿ ಹತ್ತರ ಪಾಳಿಗೆ ಗೋದಾಮಿನ ಗೇಟಿನ ಮುಂದೆ ಬಸ್ಸಿಳಿಯುವ ಮುಖಗಳಲ್ಲಿ ನಮ್ಮವರೂ ಬೇಕಾದಷ್ಟು. ಏಜೆನ್ಸಿ ಮೂಲಕ ಬಂದ ಕೆಲಸ, ಬೇಕಾದಾಗ ಕರೆ, ಬೇಡವಾದಾಗ ಇಲ್ಲ. ಎಲ್ಮ್ಸ್‌ಥಾರ್ಪಿನ ಮಕ್ಕಳು ಆ ಕೆಲಸಕ್ಕೆ ಹೋಗುವವರಲ್ಲ. ಕೆಲಸಕ್ಕೆ ಹೋಗುವವರು ಎಲ್ಮ್ಸ್‌ಥಾರ್ಪಿನಲ್ಲಿ ಇರುವವರಲ್ಲ. ಅವರೂ ದೂರದಿಂದ ಗಾಡಿಯಲ್ಲಿ ಬರಬೇಕು, ಆ ಗಾಡಿಗಳೂ ಇದೇ ರಸ್ತೆಯಲ್ಲಿ.

ಊರವರ ಇನ್ನೊಂದು ಗುಮಾನಿ ಬಹಳ ಆಳದ್ದು. ರೈಲಿನ ಹೆಸರಿನಲ್ಲಿ ಗೋದಾಮು ಎದ್ದು, ಕೊನೆಗೆ ರೈಲು ಬಾರದೇ ಹೋದರೆ? ಇದು ಬರಿ ಅನುಮಾನವಲ್ಲ. ಇಂಥ ಯೋಜನೆಗಳ ಕೆಲವು ಪರವಾನಗಿಗಳಲ್ಲಿ, ವೆಸ್ಟ್ ಮಿಡ್‌ಲ್ಯಾಂಡ್ಸಿನದರಲ್ಲಿಯೂ, ಹಳಿ ಸಿದ್ಧವಾಗುವ ಮುನ್ನವೇ ಗೋದಾಮುಗಳ ಒಂದು ಪಾಲನ್ನು ಬಳಕೆಗೆ ತರಲು ಅವಕಾಶವಿದೆ. ಹೊಲದ ಮಧ್ಯೆ ಬರಿ ಗೋದಾಮು ಕಟ್ಟುತ್ತೇನೆ ಎಂದರೆ ಸ್ಥಳೀಯ ಕೌನ್ಸಿಲ್ ಒಪ್ಪುವುದು ಕಷ್ಟ. ರೈಲು ಟರ್ಮಿನಲ್ ಎಂದರೆ ಅರ್ಜಿ ಹೋಗುವುದೇ ಬೇರೆ ಕಡೆ. 2008ರ ಯೋಜನಾ ಕಾಯ್ದೆಯ ಪ್ರಕಾರ 60 ಹೆಕ್ಟೇರಿಗಿಂತ ಕಡಿಮೆಯಿಲ್ಲದ, ದಿನಕ್ಕೆ ನಾಲ್ಕು ಗೂಡ್ಸ್ ರೈಲನ್ನಾದರೂ ನಿಭಾಯಿಸಬಲ್ಲ ಟರ್ಮಿನಲ್ ರಾಷ್ಟ್ರೀಯ ಮಹತ್ವದ ಯೋಜನೆ. ಅದನ್ನು ತೀರ್ಮಾನಿಸುವುದು ಜಿಲ್ಲೆಯಲ್ಲ, ಲಂಡನ್ನಿನ ಸಾರಿಗೆ ಮಂತ್ರಿ. ಹಾರ್ಟ್‌ಫರ್ಡ್‌ಶೈರಿನ ರ‍್ಯಾಡ್ಲೆಟ್ ಟರ್ಮಿನಲ್ಲಿನ ಕತೆ ಹಿಂಕ್ಲಿಯವರಿಗೆ ಬಾಯಿಪಾಠ: 2006ರಲ್ಲಿ ಅರ್ಜಿ, ಎರಡು ಸಲ ತಿರಸ್ಕಾರ, ಕೋರ್ಟು, ಕೊನೆಗೆ 2014ರಲ್ಲಿ ಅನುಮತಿ. ಊರು ದಣಿಯುತ್ತದೆ, ಕಂಪನಿ ದಣಿಯುವುದಿಲ್ಲ.

ಹಿಂಕ್ಲಿಯ ವಿಚಾರಣೆ 2023ರ ಸೆಪ್ಟೆಂಬರಿನಲ್ಲಿ ಶುರುವಾಗಿ ಆರು ತಿಂಗಳು ನಡೆಯಿತು. ಕಾಗದಪತ್ರ ಸಾವಿರಾರು ಪುಟ. ಒಂದು ಕಡೆ ಕಂಪನಿಯ ವಕೀಲರು, ಸಂಚಾರ ತಜ್ಞರು, ಸದ್ದು ಅಳೆಯುವವರು. ಇನ್ನೊಂದು ಕಡೆ ಬ್ಲೇಬಿ, ಹಿಂಕ್ಲಿ ಕೌನ್ಸಿಲ್‌ಗಳು, ಲೆಸ್ಟರ್‌ಶೈರ್ ಕೌಂಟಿ, ಸ್ಥಳೀಯ ಸಂಸದರು, ಹಳ್ಳಿಗಳ ಪ್ಯಾರಿಷ್ ಕೌನ್ಸಿಲ್‌ಗಳು ಮತ್ತು ಮನೆಯಿಂದ ಫೈಲು ಹಿಡಿದು ಬಂದ ಜನ. ಪ್ಯಾರಿಷ್ ಕೌನ್ಸಿಲ್ ಎಂದರೆ ನಮ್ಮ ಗ್ರಾಮ ಪಂಚಾಯ್ತಿಗಿಂತಲೂ ಬಡಪಾಯಿ ಸಂಸ್ಥೆ. ಸದಸ್ಯರಿಗೆ ಸಂಬಳವಿಲ್ಲ, ಹೆಚ್ಚಿನವರು ನಿವೃತ್ತರು. ಅವರು ಸಂಜೆ ಹೊತ್ತು ಕೂತು ಸಂಚಾರದ ಕೋಷ್ಟಕ ಓದಲು ಕಲಿತರು. ಡೆಸಿಬೆಲ್ ಎಂದರೇನು, ಪೀಕ್ ಅವರ್ ಎಂದು ಯಾವುದನ್ನು ಹಿಡಿದಿದ್ದಾರೆ, ಎಣಿಕೆ ಮಾಡಿದ ದಿನ ಶಾಲೆಗೆ ರಜವಿತ್ತೋ ಇಲ್ಲವೋ ಎಂದು ಕೇಳಲು ಕಲಿತರು. ಆಸ್ಟನ್ ಫರ್ಸ್ ಕಾಡಿನ ಪಕ್ಕ ಕ್ಯಾರವಾನುಗಳಲ್ಲಿ ವಾಸಿಸುವ ಟ್ರಾವೆಲರ್ ಸಮುದಾಯದ ವಿಷಯವೂ ಅಲ್ಲಿ ಬಂತು. ಅವರ ಮನೆಯ ಗೋಡೆ ತೆಳು ತಗಡು. ಸದ್ದು ತಡೆಯಲು ಎತ್ತರದ ಗೋಡೆ ಎಬ್ಬಿಸುತ್ತೇವೆ ಎಂದರೆ, ಕಿವಿಗೆ ನೆಮ್ಮದಿ, ಕಣ್ಣಿಗೆ ಜೈಲು.

ವಿಚಾರಣಾಧಿಕಾರಿಗಳು ತಿರಸ್ಕರಿಸಿ ಎಂದು ಶಿಫಾರಸು ಮಾಡಿದರು. 2024ರ ಸೆಪ್ಟೆಂಬರಿನಲ್ಲಿ ಸಾರಿಗೆ ಮಂತ್ರಿ, ತಿರಸ್ಕರಿಸುವ ಮನಸ್ಸಿದೆ, ಆದರೂ ಇನ್ನೊಮ್ಮೆ ವಿವರಣೆ ಕೊಡಿ ಎಂದು ಕಂಪನಿಗೆ ಸಮಯ ಕೊಟ್ಟರು. 2025ರ ಮಾರ್ಚ್ 10ರಂದು ಕೊನೆಯ ತೀರ್ಪು ಬಂತು: ಅನುಮತಿ ಇಲ್ಲ. ರೈಲು ಸಾಗಾಣಿಕೆ ದೇಶಕ್ಕೆ ಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ತಕ್ಕಡಿ ವಾಲಿಸಿದ್ದು ರಸ್ತೆ. ಲೆಸ್ಟರಿನ ಬಳಿ ಎಂ1 ಹೆದ್ದಾರಿಯ 21ನೇ ಜಂಕ್ಷನ್ನಿನ ಮೇಲೆ ಬೀಳುವ ಭಾರದ ಲೆಕ್ಕ ಸರಿಯಾಗಿ ಸಿಗಲಿಲ್ಲ ಎಂಬುದು ಒಂದು. ಸ್ಯಾಪ್‌ಕೋಟಿನ ಬೀದಿಯಲ್ಲಿ ಲಾರಿಗಳಿಂದ ಜನರ ಸುರಕ್ಷತೆಗೆ ಆಗುವ ಧಕ್ಕೆ ಇನ್ನೊಂದು. ಕೋಟ್ಯಂತರ ಪೌಂಡಿನ ರಾಷ್ಟ್ರೀಯ ಯೋಜನೆಯ ಮುಂದೆ ಒಂದು ಹಳ್ಳಿಯ ಫುಟ್‌ಪಾತು ಲೆಕ್ಕಕ್ಕೆ ಬಂತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ರೈಲಿನ ವಿರುದ್ಧದ ತೀರ್ಪೂ ಅಲ್ಲ. ರೈಲಿನಿಂದ ಇಳಿದ ಸರಕು ಮುಂದೆ ಯಾರ ಮನೆ ಮುಂದೆ ಹೋಗುತ್ತದೆ ಎಂದು ಹೇಳಲಾಗದವರು ಟರ್ಮಿನಲ್ ಕಟ್ಟಬಾರದು ಎಂಬ ತೀರ್ಪು.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಭರಾಟೆಯ ಕಾಲದಲ್ಲಿ ಗಣಿಯಿಂದ ರೈಲ್ವೆ ಸೈಡಿಂಗಿನವರೆಗೆ ಲಾರಿ ಓಡಿದ ಸಂಡೂರು, ಹೊಸಪೇಟೆ ಸೀಮೆಯ ಹಳ್ಳಿಗಳಲ್ಲಿ ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂತದ್ದು ಎಲ್ಲರೂ ಕಂಡದ್ದೇ. ಅಲ್ಲಿಯೂ ಕಾಗದದ ಮೇಲೆ ಸರಕು ಹೋಗಿದ್ದು ರೈಲಿನಲ್ಲಿ. ಈಗ ರೈಲ್ವೆ ಇಲಾಖೆ 2021ರ ಡಿಸೆಂಬರಿನಲ್ಲಿ ಗತಿಶಕ್ತಿ ಸರಕು ಟರ್ಮಿನಲ್ ನೀತಿ ತಂದು ಖಾಸಗಿಯವರನ್ನು ಕರೆಯುತ್ತಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮುದ್ದಲಿಂಗನಹಳ್ಳಿಯ ಬಳಿ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕಿಗೆ 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಬೆಂಗಳೂರಿನೊಳಗೆ ನುಗ್ಗುವ ಲಾರಿ ಕಡಿಮೆಯಾಗುವುದಾದರೆ ಒಳ್ಳೆಯದೇ. ಆದರೆ ಒಂದು ವ್ಯತ್ಯಾಸ ಮರೆಯಬಾರದು. 2006ರ ಪರಿಸರ ಪ್ರಭಾವ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗಗಳ ಹೆಸರೇ ಇಲ್ಲ. ಸ್ಯಾಪ್‌ಕೋಟಿನವರಿಗೆ ಸಿಕ್ಕ ಆರು ತಿಂಗಳ ವಿಚಾರಣೆ ನಮ್ಮ ಹಳ್ಳಿಯವರಿಗೆ ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು.

ಆದ್ದರಿಂದ ನಿಮ್ಮೂರಿನ ಪಕ್ಕ ಗೂಡ್ಸ್ ಟರ್ಮಿನಲ್ ಬರುತ್ತದೆ ಎಂಬ ಸುದ್ದಿ ಬಂದರೆ ಗ್ರಾಮಸಭೆಯಲ್ಲಿ ಮೂರು ಕಾಗದ ಕೇಳಿ: ಲಾರಿಗಳು ಹೋಗುವ ದಾರಿಯ ನಕ್ಷೆ, ಲೆವೆಲ್ ಕ್ರಾಸಿಂಗ್ ಗೇಟು ದಿನಕ್ಕೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬ ಲೆಕ್ಕ, ಹಳಿ ಹಾಕುವ ಮುನ್ನ ಗೋದಾಮು ತೆರೆಯುವುದಿಲ್ಲ ಎಂಬ ಬರಹದ ಮಾತು. ಭೂಮಿಗೆ ಪರಿಹಾರ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ಇವನ್ನು ಕೇಳಿ. ಸಹಿ ಹಾಕಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.